ಆಷಾಢದ ಗಾಳಿಗೆ ಮೊದಲೇ ತಂತಿಯ ಜೋಲು ನೋಡಿ

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ. ಮೋಡ ಕಟ್ಟುತ್ತದೆ, ಮಳೆಗೆ ಮುಂಚೆ ಧೂಳೆಬ್ಬಿಸಿಕೊಂಡು ಗಾಳಿ ಬರುತ್ತದೆ. ಬೀದಿಯ ಕರೆಂಟ್ ತಂತಿಗಳು ಒಂದಕ್ಕೊಂದು ತಾಗಿ ಪಟಪಟನೆ ಕಿಡಿ ಉದುರುತ್ತದೆ. ಟಿಸಿಯ (ಟ್ರಾನ್ಸ್‌ಫಾರ್ಮರ್) ಕಡೆಯಿಂದ ಢಬ್ ಎಂದು ಸದ್ದು. ಒಂದು ಹನಿಯೂ ಬೀಳುವ ಮೊದಲೇ ಕರೆಂಟು ಹೋಯಿತು. ಅತ್ತಿಬೆಲೆ, ಜಿಗಣಿ, ಸರ್ಜಾಪುರ, ಆನೇಕಲ್ ಪೇಟೆಯ ಸುತ್ತಲಿನ ಹಳ್ಳಿಗಳಲ್ಲಿ ಅಶ್ವಿನಿ, ಭರಣಿ ಮಳೆಯ ದಿನಗಳೆಂದರೆ ಹೀಗೇ. ಆಷಾಢದ ಗಾಳಿ ಶುರುವಾದ ಮೇಲಂತೂ ವಾರಗಟ್ಟಲೆ ಇದೇ ಗೋಳು.

‘ಗಾಳಿ ಜಾಸ್ತಿ, ಏನು ಮಾಡೋಕಾಗುತ್ತೆ’ ಎಂದು ನಾವೆಲ್ಲ ಸುಮ್ಮನಾಗುತ್ತೇವೆ. ಆದರೆ ಒಂದು ಸಂಗತಿ ಗಮನಿಸಿ. ಅದೇ ಗಾಳಿ ಪಕ್ಕದ ಬೀದಿಯಲ್ಲೂ ಬೀಸಿರುತ್ತದೆ, ಅಲ್ಲಿ ತಂತಿ ತಾಗಿರುವುದಿಲ್ಲ. ಪ್ರತಿಸಲವೂ ನಿಮ್ಮ ಬೀದಿಯ ಅದೇ ಎರಡು ಕಂಬಗಳ ನಡುವೆಯೇ ಕಿಡಿ ಹಾರುತ್ತಿದ್ದರೆ, ತಪ್ಪು ಗಾಳಿಯದಲ್ಲ. ಆ ಎರಡು ಕಂಬಗಳ ನಡುವೆ ಏನೋ ಕೆಟ್ಟಿದೆ. ಅದನ್ನು ಗಾಳಿ ಇಲ್ಲದ ದಿನವೇ ಬರಿಗಣ್ಣಿನಲ್ಲಿ ಕಾಣಬಹುದು, ಮಳೆಗಾಲಕ್ಕೆ ಮೊದಲೇ ಸರಿ ಮಾಡಿಸಲೂಬಹುದು.

ಮೊದಲೇ ಒಂದು ಮಾತು: ನೋಡುವುದು, ಬರೆದುಕೊಳ್ಳುವುದು, ದೂರು ಕೊಡುವುದು, ಬೆನ್ನು ಹತ್ತುವುದು, ಇಷ್ಟು ನಮ್ಮ ಕೆಲಸ. ತಂತಿಯನ್ನಾಗಲೀ ಕಂಬವನ್ನಾಗಲೀ ಮುಟ್ಟುವುದು ಬೆಸ್ಕಾಂ ಲೈನ್‌ಮ್ಯಾನ್‌ಗಳದು ಮಾತ್ರ.

ತಂತಿಗಳು ತಾಗುವುದೇಕೆ?

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಎಳೆದ ಲೈನಿನಿಂದ ಹಿಡಿದು ಇಂದು ನಿಮ್ಮ ಮನೆಯ ಮುಂದಿನ ಲೈನಿನವರೆಗೆ ತತ್ವ ಒಂದೇ. ಬರಿ ತಂತಿಗೆ ಯಾವ ಹೊದಿಕೆಯೂ ಇಲ್ಲ; ಒಂದು ತಂತಿಗೂ ಇನ್ನೊಂದಕ್ಕೂ ನಡುವೆ ಇರುವ ಗಾಳಿಯ ಅಂತರವೇ ರಕ್ಷಣೆ. ಬೀದಿಯ ಎಲ್‌ಟಿ (ಲೋ ಟೆನ್ಷನ್) ಲೈನಿನಲ್ಲಿ ಈ ಅಂತರ ಹೆಚ್ಚೆಂದರೆ ಒಂದೂವರೆ, ಎರಡು ಅಡಿ. ಆ ಅಂತರ ಉಳಿಯುವುದೂ ಹೋಗುವುದೂ ತಂತಿಯ ಜೋಲನ್ನು, ಅಂದರೆ ಎರಡು ಕಂಬಗಳ ನಡುವೆ ಅದು ಎಷ್ಟು ಇಳಿಬಿದ್ದಿದೆ ಎಂಬುದನ್ನು ಅವಲಂಬಿಸಿದೆ.

ಜೋಲು ಇರಲೇಬೇಕು. ಅಲ್ಯೂಮಿನಿಯಂ ತಂತಿ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ವೀಣೆಯ ತಂತಿಯಂತೆ ಬಿಗಿದುಬಿಟ್ಟರೆ ಧನುರ್ಮಾಸದ ಬೆಳಗಿನ ಚಳಿಗೆ ಸೆಟೆದು ಜಾಯಿಂಟಿನಲ್ಲಿ ಕಿತ್ತು ಬರಬಹುದು, ಕಂಬವನ್ನೇ ಎಳೆಯಬಹುದು. ಆದ್ದರಿಂದ ಆ ದಿನದ ಉಷ್ಣತೆ ನೋಡಿಕೊಂಡು ಇಂತಿಷ್ಟು ಜೋಲು ಎಂದು ಲೆಕ್ಕ ಹಾಕಿ ತಂತಿ ಎಳೆಯುತ್ತಾರೆ. ತೊಂದರೆ ಶುರುವಾಗುವುದು ಆ ಲೆಕ್ಕ ತಪ್ಪಿದಾಗ.

ಒಂದು ಉದಾಹರಣೆ ನೋಡೋಣ. ನಮ್ಮ ಲೈನುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ತಂತಿಗಳಿಗೆ ಅಳತೆಗೆ ತಕ್ಕಂತೆ ಪ್ರಾಣಿಗಳ ಹೆಸರಿದೆ: ಸ್ಕ್ವಿರಲ್, ವೀಸಲ್, ರ‍್ಯಾಬಿಟ್. ರ‍್ಯಾಬಿಟ್ ತಂತಿ ಹತ್ತು ಮಿಲಿಮೀಟರ್ ದಪ್ಪ. ಮೀಟರಿಗೆ ಸುಮಾರು 214 ಗ್ರಾಂ ತೂಕ. 50 ಮೀಟರ್ ದೂರದ ಎರಡು ಕಂಬಗಳ ನಡುವೆ ಅದನ್ನು 200 ಕಿಲೋ ಬಿಗಿತದಲ್ಲಿ ಎಳೆದರೆ ಜೋಲು ಸುಮಾರು 33 ಸೆಂಟಿಮೀಟರ್, ಅಂದರೆ ಒಂದಡಿಯ ಮೇಲೆ ಚೂರು. ಈಗ ಒಂದು ಕಂಬದ ತುದಿ ಬರೀ ಐದು ಸೆಂಟಿಮೀಟರ್ ಒಳಕ್ಕೆ ವಾಲಿತು ಎನ್ನಿ. ಜೋಲು ಐದು ಸೆಂಟಿಮೀಟರ್ ಹೆಚ್ಚಾಗುವುದಿಲ್ಲ, ಮೂರಡಿಯ ಹತ್ತಿರಕ್ಕೆ ಹೋಗುತ್ತದೆ! ಎರಡು ಬೆರಳಗಲ ವಾಲಿದ ಕಂಬವನ್ನು ಯಾರೂ ಗಮನಿಸುವುದಿಲ್ಲ. ಆದರೆ ತಂತಿಗೆ ಅದು ದೊಡ್ಡ ವ್ಯತ್ಯಾಸ.

ಗಾಳಿ ಬಂದಾಗ ಏನಾಗುತ್ತದೆ? ಗಂಟೆಗೆ 60 ಕಿ.ಮೀ. ವೇಗದ ಗಾಳಿ ಅಡ್ಡ ಬೀಸಿದರೆ ಇದೇ ತಂತಿ ಸುಮಾರು 40 ಡಿಗ್ರಿ ಪಕ್ಕಕ್ಕೆ ಓರೆಯಾಗುತ್ತದೆ. ಜೋಲು ಒಂದಡಿ ಇದ್ದರೆ ನಡುಭಾಗ ಏಳೆಂಟು ಇಂಚು ಸರಿಯುತ್ತದೆ. ಮೂರಡಿ ಇದ್ದರೆ ಸುಮಾರು ಎರಡಡಿ. ಪಕ್ಕದ ತಂತಿ ಇರುವುದೇ ಅಷ್ಟು ದೂರದಲ್ಲಿ. ಗಾಳಿಯ ವೇಗ ದುಪ್ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಮರೆಯಬೇಡಿ. 2025ರ ಮಾರ್ಚ್‌ನಲ್ಲಿ ಹುಸ್ಕೂರು ಮದ್ದೂರಮ್ಮ ಜಾತ್ರೆಗೆ ಹೊರಟ ಎತ್ತರದ ತೇರುಗಳೇ ಗಾಳಿ ಮಳೆಗೆ ಉರುಳಿದ್ದನ್ನು ನಮ್ಮ ಆನೇಕಲ್ ತಾಲ್ಲೂಕು ಕಂಡಿದೆ.

ಎಲ್ಲ ತಂತಿಗಳೂ ಒಂದೇ ಕಡೆಗೆ, ಒಟ್ಟಿಗೆ ಓಲಾಡಿದರೆ ತಾಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ, ಉತ್ತರವೂ ಅದರಲ್ಲೇ ಇದೆ. ಉದ್ದ ಹಗ್ಗದ ಉಯ್ಯಾಲೆ ನಿಧಾನಕ್ಕೆ ತೂಗುತ್ತದೆ, ಗಿಡ್ಡ ಹಗ್ಗದ್ದು ಬೇಗ ಬೇಗ. ತಂತಿಯೂ ಹಾಗೆಯೇ. ಮೂರು ತಂತಿಗಳ ಜೋಲು ಸಮ ಇದ್ದರೆ ಜೊತೆಜೊತೆಯಾಗಿ ತೂಗುತ್ತವೆ. ಒಂದು ಹೆಚ್ಚು ಜೋತಿದ್ದರೆ ಅದು ಈಚೆಗೆ ಬರುವಾಗ ಪಕ್ಕದ್ದು ಆಚೆಗೆ ಹೋಗಿ ನಡುವೆ ಮುಖಾಮುಖಿಯಾಗುತ್ತವೆ. ನನ್ನ ಪ್ರಕಾರ ಜೋಲು ಹೆಚ್ಚಾಗಿರುವುದಕ್ಕಿಂತ ಅಸಮವಾಗಿರುವುದು ದೊಡ್ಡ ಅಪಾಯ. ಜನ ಗಮನಿಸದಿರುವುದೂ ಅದನ್ನೇ.

ನಮ್ಮ ಕಡೆ ಜೋಲು ಅಸಮವಾಗಲು ಕಾರಣ

ಆನೇಕಲ್ ತಾಲ್ಲೂಕಿನ ಎಷ್ಟೋ ಲೈನುಗಳನ್ನು ಎಳೆದದ್ದು ಕೆಲವೇ ಮನೆ, ಕೆಲವು ಬೋರ್‌ವೆಲ್ ಪಂಪ್‌ಸೆಟ್‌ಗಳಿದ್ದ ಕಾಲದಲ್ಲಿ. ಈಗ ಅದೇ ದಾರಿಯಲ್ಲಿ ಪಿಜಿ ಕಟ್ಟಡಗಳು, ಲೇಔಟುಗಳು, ಬೊಮ್ಮಸಂದ್ರ–ಜಿಗಣಿಯ ಸಣ್ಣ ವರ್ಕ್‌ಶಾಪುಗಳು ಬಂದಿವೆ. ಲೋಡು ಹೆಚ್ಚಾದರೆ ತಂತಿ ಕಾಯುತ್ತದೆ. ಅದರಲ್ಲೂ ಎಲ್ಲರ ಸಿಂಗಲ್ ಫೇಸ್ ಲೋಡು ಒಂದೇ ಫೇಸಿಗೆ ಬಿದ್ದಿದ್ದರೆ ಆ ಒಂದು ತಂತಿ ಮಾತ್ರ ಹೆಚ್ಚು ಕಾಯುತ್ತದೆ. ಮೇಲಿನ ಉದಾಹರಣೆಯ ತಂತಿ ಪಕ್ಕದ್ದಕ್ಕಿಂತ 30 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಜೋಲು ಹೆಚ್ಚು ಕಡಿಮೆ ದುಪ್ಪಟ್ಟಾಗುತ್ತದೆ. ಮಧ್ಯಾಹ್ನದ ಗಾಳಿಗೇ ಹೆಚ್ಚು ಕಿಡಿ ಹಾರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು, ರಸ್ತೆ ಮತ್ತು ಚರಂಡಿ ಕೆಲಸ. ಜೆಸಿಬಿ ಕಂಬದ ಬುಡದ ಮಣ್ಣು ಕೆರೆದು ಹೋಗುತ್ತದೆ, ಕಂಬ ಮೆಲ್ಲಗೆ ವಾಲುತ್ತದೆ. ಗೇಟಿಗೆ ಅಡ್ಡ ಎಂದು ಸ್ಟೇ ತಂತಿ ಕಿತ್ತುಹಾಕಿದರೂ ಅದೇ ಗತಿ. ತಿರುವಿನಲ್ಲಿ, ಲೈನಿನ ಕೊನೆಯಲ್ಲಿ ಇರುವ ಕಂಬವನ್ನು ನೆಟ್ಟಗೆ ಹಿಡಿದಿರುವುದೇ ಆ ಸ್ಟೇ. ಸಾಲದ್ದಕ್ಕೆ ಇಂಟರ್‌ನೆಟ್, ಟಿವಿ ಕೇಬಲ್‌ಗಳ ಗಂಟುಗಳನ್ನು ಅದೇ ಕಂಬಕ್ಕೆ ನೇತುಹಾಕುತ್ತಾರೆ. ಎತ್ತರದ ಲಾರಿ ತಗುಲಿ ತಂತಿ ಎಳೆದಾಡಿದ್ದರೆ, ತೇರಿಗೋ ದೊಡ್ಡ ಯಂತ್ರದ ಸಾಗಣೆಗೋ ತಂತಿ ಬಿಚ್ಚಿ ಮತ್ತೆ ಕಟ್ಟಿದ್ದರೆ, ತುಂಡಾದ ಒಂದೇ ತಂತಿಗೆ ತುಂಡು ಸೇರಿಸಿ ಎಳೆದಿದ್ದರೆ, ಅಲ್ಲೆಲ್ಲ ಜೋಲು ಒಂದೊಂದಕ್ಕೆ ಒಂದೊಂದು ಬಗೆಯಾಗಿರುತ್ತದೆ.

ನೀವು ಮಾಡಬೇಕಾದದ್ದು

1. ಗಾಳಿ ಇಲ್ಲದ ಬಿಸಿಲು ಮಧ್ಯಾಹ್ನ, ಎರಡರಿಂದ ನಾಲ್ಕರ ನಡುವೆ ನೋಡಿ. ಜೋಲು ಅತಿ ಹೆಚ್ಚಿರುವುದು ಆಗಲೇ. ಯುಗಾದಿ ಕಳೆದ ಕೂಡಲೇ ನೋಡಿದರೆ ಮಳೆಗೆ ಮೊದಲು ಕೆಲಸ ಮಾಡಿಸಲು ಸಮಯ ಸಿಗುತ್ತದೆ.

2. ತಂತಿಯ ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ಜೋಲು ಗೊತ್ತಾಗುವುದಿಲ್ಲ. ರಸ್ತೆಯ ಆಚೆ ಬದಿಗೆ, ಎರಡು ಕಂಬಗಳ ನಡುಮಧ್ಯಕ್ಕೆ ಎದುರಾಗಿ ನಿಲ್ಲಿ. ಯಾವ ತಂತಿ ಉಳಿದವಕ್ಕಿಂತ ಕೆಳಗಿದೆ ಎಂಬುದು ಕಾಣುತ್ತದೆ. ಆಮೇಲೆ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಂತು ಲೈನಿನ ಉದ್ದಕ್ಕೆ ಕಣ್ಣು ಹಾಯಿಸಿ. ಕಂಬದ ವಾಲು, ಓರೆಯಾದ ಕ್ರಾಸ್ ಆರ್ಮ್ (ತಂತಿ ಹೊತ್ತ ಅಡ್ಡಪಟ್ಟಿ) ತಿಳಿಯುತ್ತದೆ.

3. ಹಿಂದೆ ತಾಗಿದ ಗುರುತು ಹುಡುಕಿ. ತಾಗಿದ ಜಾಗದಲ್ಲಿ ತಂತಿ ಕಪ್ಪಾಗಿರುತ್ತದೆ, ಒಂದೆರಡು ಎಳೆ ಸುಟ್ಟು ಬಿಚ್ಚಿಕೊಂಡು ಮುಳ್ಳಿನಂತೆ ನಿಂತಿರುತ್ತದೆ. ಕೆಳಗೆ ನೆಲದಲ್ಲಿ ಅಲ್ಯೂಮಿನಿಯಂ ಕರಗಿದ ಸಣ್ಣ ಗುಂಡುಗಳು ಸಿಗಬಹುದು. ಈ ಗುರುತು ಕಂಡರೆ ತಡ ಮಾಡಬೇಡಿ. ಪ್ರತಿಸಲ ತಾಗಿದಾಗಲೂ ಒಂದೊಂದು ಎಳೆ ಹೋಗಿ ತಂತಿ ಸಣ್ಣದಾಗುತ್ತಾ ಬರುತ್ತದೆ, ಒಂದು ದಿನ ಗಾಳಿಯೇ ಇಲ್ಲದಾಗ ಕಡಿದು ಬೀಳುತ್ತದೆ.

4. ಮರಗಳನ್ನು ನೋಡಿ. ನೀಲಗಿರಿ, ಸಿಲ್ವರ್ ಓಕ್, ತೆಂಗು ಗಾಳಿಗೆ ಬಹಳ ಬಾಗುತ್ತವೆ. ಸುಮ್ಮನೆ ನಿಂತಾಗ ನಾಲ್ಕಡಿ ದೂರ ಕಾಣುವ ಕೊಂಬೆ ಗಾಳಿಯಲ್ಲಿ ತಂತಿಯನ್ನು ತಳ್ಳಿ ಪಕ್ಕದ್ದಕ್ಕೆ ತಾಗಿಸಬಹುದು. ತೆಂಗಿನ ಗರಿಯೊಂದು ಎರಡು ತಂತಿಗಳ ಮೇಲೆ ಅಡ್ಡ ಬಿದ್ದರೂ ಅಷ್ಟೇ. ಹೊಸೂರು ಗಡಿಯ ಕಡೆ ಹೂವಿನ ಪಾಲಿಹೌಸ್ ಇರುವವರು ಹರಿದ ಹಾಳೆಯನ್ನು ಅದು ಹಾರಿ ತಂತಿಗೆ ಬೀಳದಂತೆ ಗಾಳಿಕಾಲಕ್ಕೆ ಮೊದಲೇ ಬಿಗಿದು ಕಟ್ಟಿ ಅಥವಾ ತೆಗೆದುಹಾಕಿ.

5. ಕಂಬದ ಮೇಲೆ ಬರೆದ ನಂಬರ್, ಹತ್ತಿರದ ಟಿಸಿಯ ನಂಬರ್, ನಿಮ್ಮ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಬರೆದುಕೊಳ್ಳಿ. ಆಚೆ ಬದಿಯಿಂದ ಫೋಟೊ ತೆಗೆಯಿರಿ. ‘ನಮ್ಮ ಬೀದೀಲಿ ತಂತಿ ತಾಗ್ತಿದೆ’ ಎಂದಷ್ಟೇ ಹೇಳಿದ ದೂರಿಗೂ ‘ಇಂಥ ಟಿಸಿಯಿಂದ ಮೂರನೇ ಮತ್ತು ನಾಲ್ಕನೇ ಕಂಬದ ನಡುವೆ ಬಲಗಡೆಯ ತಂತಿ ಜೋತಿದೆ’ ಎಂಬ ದೂರಿಗೂ ಬಹಳ ವ್ಯತ್ಯಾಸವಿದೆ. ಎರಡನೆಯದನ್ನು ಕೇಳಿದ ಲೈನ್‌ಮ್ಯಾನ್ ನೇರ ಆ ಜಾಗಕ್ಕೇ ಬರುತ್ತಾರೆ.

6. ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಅದರ ಜೊತೆಗೆ ಸೆಕ್ಷನ್ ಆಫೀಸಿಗೆ ಫೋಟೊ ಸಮೇತ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೆಲಸ ಆಗದಿದ್ದರೆ ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರನ್ನು ಕಾಣಿ, ಗ್ರಾಹಕರ ಸಭೆಯಲ್ಲಿ ಎತ್ತಿ. ಒಬ್ಬರ ಅರ್ಜಿಗಿಂತ ಬೀದಿಯ ಹತ್ತು ಜನ ಸಹಿ ಹಾಕಿದ್ದಕ್ಕೆ ಬಲ ಹೆಚ್ಚು.

ಏನು ಕೆಲಸ ಮಾಡಿಸಿ ಎಂದು ಕೇಳಬೇಕು?

ಪರಿಹಾರಗಳಲ್ಲೂ ಹಿಂದು ಮುಂದು ಇದೆ. ವಾಲಿದ ಕಂಬ ಇದ್ದರೆ ಮೊದಲು ಅದನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟ್ ಹಾಕಿ, ಸ್ಟೇ ಕಟ್ಟಬೇಕು. ಆಮೇಲೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಎಳೆದು ಜೋಲು ಸಮ ಮಾಡಬೇಕು. ಜೋತ ಒಂದನ್ನೇ ಎಳೆದು ಬಿಗಿ ಮಾಡಿದರೆ ಈಗ ಅದೊಂದೇ ಬಿಗಿ, ಉಳಿದವು ಸಡಿಲ. ಅಸಮ ಹಾಗೇ ಉಳಿಯಿತು. ಈ ಕೆಲಸ ನಡೆಯುವಾಗ ಹತ್ತಿರದಲ್ಲಿದ್ದರೆ ಎಲ್ಲ ತಂತಿಗಳನ್ನೂ ಸಮ ಮಾಡಿ ಎಂದು ಕೇಳಿ.

ಕಂಬಗಳ ನಡುವಿನ ದೂರವೇ ಹೆಚ್ಚಿದ್ದರೆ ನಡುವೆ ಒಂದು ಕಂಬ ಹಾಕಿಸುವುದೇ ಸರಿ. ಬಿಗಿತ ಅಷ್ಟೇ ಇದ್ದರೂ ದೂರ ಅರ್ಧವಾದರೆ ಜೋಲು ಕಾಲು ಭಾಗಕ್ಕೆ ಇಳಿಯುತ್ತದೆ. ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ. ಕಂಬಕ್ಕೆ ಜಾಗ ಬೇಕು, ಅದಕ್ಕೆ ಬೀದಿಯಲ್ಲಿ ಜಗಳವಾಗುತ್ತದೆ. ನಿಮ್ಮ ಸೈಟಿನ ಅಂಚಿಗೆ ಬರುವುದಾದರೂ ದಯವಿಟ್ಟು ಒಪ್ಪಿಕೊಳ್ಳಿ.

ಸ್ಪೇಸರ್ ಎಂದರೆ ತಂತಿಗಳ ನಡುವೆ ಸಿಗಿಸುವ, ಕರೆಂಟ್ ಹರಿಯದ ಪಟ್ಟಿ. ಎಲ್‌ಟಿ ಲೈನಿಗೆ ನಡುಮಧ್ಯದಲ್ಲಿ ಒಂದು, ದೂರ ಹೆಚ್ಚಿದ್ದರೆ ಎರಡು ಹಾಕಿದರೆ ತಂತಿಗಳು ಎಷ್ಟು ಓಲಾಡಿದರೂ ಅಂತರ ಕೆಡುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1977ರ ಫೆಬ್ರುವರಿಯಲ್ಲಿ ಗಾಳಿಗೆ ತಾಗಿದ ತಂತಿಗಳ ಕಿಡಿಯಿಂದ ದೊಡ್ಡ ಕಿಚ್ಚು ಹಬ್ಬಿದ ಮೇಲೆ ಅಲ್ಲಿನ ಎಲ್‌ಟಿ ಲೈನುಗಳಿಗೆ ಸ್ಪೇಸರ್ ಹಾಕಿದರು. ಕಡಿಮೆ ಖರ್ಚಿನ, ಬೇಗ ಆಗುವ ಉಪಾಯ. ಆದರೆ ಕಂಬ ವಾಲಿಯೇ ಇದ್ದಾಗ ಸ್ಪೇಸರ್ ಸಿಗಿಸಿ ಹೋದರೆ ನಾನು ಒಪ್ಪುವುದಿಲ್ಲ. ತಂತಿ ತಾಗುವುದು ನಿಲ್ಲುತ್ತದೆ, ಕಂಬ ಬೀಳುವ ಅಪಾಯ ಹಾಗೇ ಇರುತ್ತದೆ.

ಮನೆಗಳು ಒತ್ತೊತ್ತಾಗಿರುವ ಬೀದಿಗೆ, ಮರಗಳ ಸಾಲಿಗೆ ಏರಿಯಲ್ ಬಂಚ್ಡ್ ಕೇಬಲ್ ಅಂದರೆ ಹೊದಿಕೆಯ ತಂತಿಗಳನ್ನು ಹೆಣೆದ ಕೇಬಲ್ ಒಳ್ಳೆಯದು. ತಾಗಿದರೂ ಏನೂ ಆಗುವುದಿಲ್ಲ. ಬೀದಿಯವರು ಒಟ್ಟಾಗಿ ಕೇಳಬೇಕಾದದ್ದು ಇದನ್ನು.

ಎತ್ತರದ ವಿಷಯ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಂತೆ ರಸ್ತೆಗೆ ಅಡ್ಡ ಹಾಯುವ ಎಲ್‌ಟಿ ತಂತಿ ನೆಲದಿಂದ 5.8 ಮೀಟರ್, ರಸ್ತೆಯುದ್ದಕ್ಕೆ ಹೋಗುವುದು 5.5 ಮೀಟರ್ ಎತ್ತರದಲ್ಲಿರಬೇಕು. ಕಟ್ಟಡದಿಂದ ಪಕ್ಕಕ್ಕೆ 1.2 ಮೀಟರ್ ದೂರ ಬೇಕು. ಕಟ್ಟಡದ ಮೇಲೆ ಎಲ್‌ಟಿಗೆ 2.5 ಮೀಟರ್, 11 ಕೆವಿ ಲೈನಿಗೆ 3.7 ಮೀಟರ್. ಈ ಪಕ್ಕದ ದೂರವನ್ನು ಅಳೆಯಬೇಕಾದದ್ದು ತಂತಿ ಗಾಳಿಗೆ ಅತಿ ಹೆಚ್ಚು ಓಲಾಡಿದ ಸ್ಥಿತಿಯಲ್ಲಿ ಎಂದು ನಿಯಮವೇ ಹೇಳುತ್ತದೆ. ಮನೆ ಕಟ್ಟುವವರು, ಬಾಲ್ಕನಿ ಹೊರಚಾಚುವವರು ಸುಮ್ಮನೆ ನಿಂತ ತಂತಿಗೆ ಟೇಪು ಹಿಡಿದು ಸಮಾಧಾನಪಟ್ಟುಕೊಳ್ಳಬಾರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಟಿಸಿಗೆ ದಪ್ಪ ಫ್ಯೂಸ್ ತಂತಿ ಹಾಕುವುದು ಇವುಗಳಲ್ಲೆಲ್ಲ ಕೆಟ್ಟದ್ದು. ಗಾಳಿ ಬಂದಾಗಲೆಲ್ಲ ಫ್ಯೂಸ್ ಹೋಗುತ್ತದೆ ಎಂದು ಬೇಸತ್ತು ಯಾರೋ ನಾಲ್ಕೆಳೆ ತಾಮ್ರ ಸೇರಿಸಿ ಕಟ್ಟುತ್ತಾರೆ. ಆಮೇಲೆ ಫ್ಯೂಸ್ ಹೋಗುವುದಿಲ್ಲ ನಿಜ. ತಂತಿಗಳು ತಾಗಿದಾಗ ಸುಡುವುದು ಫ್ಯೂಸಿನ ಬದಲು ತಂತಿಯೇ. ಅದು ಕಡಿದು ನೆಲಕ್ಕೆ ಬಿದ್ದ ಮೇಲೂ ಕರೆಂಟು ಹರಿಯುತ್ತಲೇ ಇರುತ್ತದೆ. ಫ್ಯೂಸ್ ಪದೇಪದೇ ಹೋಗುವುದೆಂದರೆ ಲೈನಿನಲ್ಲಿ ದೋಷವಿದೆ ಎಂದು ಅರ್ಥ. ಆ ದೋಷ ಹುಡುಕಬೇಕು.

ಜೋತ ತಂತಿಗೆ ಕಲ್ಲು ನೇತುಹಾಕುವುದು, ಬಿದಿರಿನ ದಬ್ಬೆ ಕಟ್ಟುವುದು, ಹಗ್ಗ ಹಾಕಿ ಮರಕ್ಕೆ ಎಳೆದು ಕಟ್ಟುವುದು ಹಳ್ಳಿಗಳ ಕಡೆ ಇನ್ನೂ ಇದೆ. ಒಣಗಿದ ಬಿದಿರು ಬೇಸಿಗೆಯಲ್ಲಿ ಕೆಲಸ ಮಾಡಿದಂತೆ ಕಂಡರೂ ಮಳೆಗೆ ನೆಂದ ಕೂಡಲೇ ಅದರಲ್ಲಿ ಕರೆಂಟು ಹರಿಯಬಲ್ಲದು. ಕಲ್ಲು ಕಟ್ಟಿದ ತಂತಿಗೆ ಭಾರ ಸೇರಿ ಜೋಲು ಇನ್ನಷ್ಟಾಗುತ್ತದೆ, ಗಾಳಿಗೆ ಕಲ್ಲೇ ಬೀಸಿ ಹೊಡೆಯುತ್ತದೆ.

ರಾಗಿ ಹುಲ್ಲಿನ ಮೆದೆಯನ್ನು ಲೈನಿನ ಕೆಳಗೆ ಒಟ್ಟುವುದು ಇನ್ನೊಂದು. ತಾಗಿದ ತಂತಿಯಿಂದ ಉದುರುವುದು ಕಾದು ಕರಗಿದ ಅಲ್ಯೂಮಿನಿಯಂ. ಒಣ ಹುಲ್ಲಿಗೆ ಅದು ಸಾಕು. ವರ್ಷದ ಮೇವು ಅರ್ಧ ಗಂಟೆಯಲ್ಲಿ ಹೋಗುತ್ತದೆ. ಮೆದೆಗೆ ಲೈನಿನಿಂದ ದೂರದ ಜಾಗವೇ ಬೇಕು. ಗಾಳಿ ಕಿಡಿಯನ್ನು ಹೊತ್ತೊಯ್ಯುವ ಕಡೆಗಂತೂ ಒಟ್ಟಲೇಬೇಡಿ.

ತೋಟದಲ್ಲಿ ಮೀಟರಿನಿಂದ ಪಂಪಿನವರೆಗೆ ಮರದಿಂದ ಮರಕ್ಕೆ, ಗೂಟದಿಂದ ಗೂಟಕ್ಕೆ ವೈರ್ ಎಳೆದುಕೊಂಡವರಿದ್ದಾರೆ. ಮೀಟರಿನಿಂದ ಈಚೆಗಿನ ವೈರಿಂಗ್ ನಿಮ್ಮದೇ ಹೊಣೆ. ಪರವಾನಗಿ ಇರುವ ಗುತ್ತಿಗೆದಾರರಿಂದ ಹೊದಿಕೆಯ ಕೇಬಲ್ ಹಾಕಿಸಿ. ಆಷಾಢದಲ್ಲಿ ಗಾಳಿಪಟ ಹಾರಿಸುವ ಮಕ್ಕಳಿಗೆ ಬಯಲು ತೋರಿಸಿ. ತಂತಿಗೆ ಸಿಕ್ಕ ಪಟವನ್ನು ಕೋಲಿನಿಂದ ಬಿಡಿಸಲು ಬಿಡಬೇಡಿ.

ಎಚ್ಚರಿಕೆ

2023ರ ನವೆಂಬರ್ 19ರ ನಸುಕಿನಲ್ಲಿ ಬೆಂಗಳೂರಿನ ಕಾಡುಗೋಡಿಯ ಹೋಪ್ ಫಾರ್ಮ್ ಬಳಿ ಪಾದಚಾರಿ ಮಾರ್ಗದಲ್ಲಿ ಕಡಿದು ಬಿದ್ದಿದ್ದ ತಂತಿ ತುಳಿದು ತಾಯಿಯೂ ಒಂಬತ್ತು ತಿಂಗಳ ಮಗುವೂ ತೀರಿಕೊಂಡರು. ಬಿದ್ದ ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಇದೆ ಎಂದೇ ತಿಳಿಯಿರಿ.

ಬಿದ್ದ ತಂತಿಯಿಂದ ಕನಿಷ್ಠ 30 ಅಡಿ ದೂರ ನಿಲ್ಲಿ, ಬೇರೆಯವರನ್ನೂ ದನಕರುಗಳನ್ನೂ ತಡೆಯಿರಿ, 1912ಕ್ಕೆ ಕರೆ ಮಾಡಿ. ಒದ್ದೆ ನೆಲದಲ್ಲಿ ಕರೆಂಟು ಹರಡುತ್ತದೆ. ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ, ಎರಡೂ ಪಾದ ಜೋಡಿಸಿ ನೆಲಬಿಡದೆ ಸಣ್ಣಗೆ ಸರಿಯುತ್ತಾ ಹಿಂದೆ ಬನ್ನಿ. ಕಾರಿನ ಮೇಲೆ ತಂತಿ ಬಿದ್ದರೆ ಲೈನ್ ಆಫ್ ಆಗುವವರೆಗೆ ಒಳಗೇ ಕೂತಿರಿ. ಯಾರಿಗಾದರೂ ಶಾಕ್ ಹೊಡೆದಿದ್ದರೆ ಕರೆಂಟು ನಿಲ್ಲಿಸದೆ ಅವರನ್ನು ಮುಟ್ಟಬೇಡಿ; 112ಕ್ಕೂ ತಿಳಿಸಿ. ಗಾಳಿ ಮಳೆಯ ನಡುವೆ ಕರೆಂಟು ಬಂದು ಹೋಗಿ ಮಾಡುತ್ತಿದ್ದರೆ ಫ್ರಿಡ್ಜ್, ಟಿವಿ, ಪಂಪಿನ ಸ್ವಿಚ್ ಆರಿಸಿಡಿ. ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟ್ ಬರುವ ಮನೆಗೆ 400ರ ಹತ್ತಿರ ನುಗ್ಗಬಹುದು.

ಲೈನ್ ರಿಪೇರಿ ನಡೆಯುವಾಗ ‘ಬೇಗ ಕರೆಂಟ್ ಕೊಡಿ’ ಎಂದು ಸೆಕ್ಷನ್ ಆಫೀಸಿಗೆ ಮೇಲಿಂದ ಮೇಲೆ ಫೋನ್ ಮಾಡಬೇಡಿ. ಲೈನ್‌ಮ್ಯಾನ್ ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡು, ತಂತಿಗಳಿಗೆ ಅರ್ತಿಂಗ್ ಕೊಟ್ಟು, ಆಮೇಲೆ ಕಂಬ ಹತ್ತಬೇಕು. ಮನೆಯಲ್ಲಿ ಜನರೇಟರ್ ಅಥವಾ ಸೋಲಾರ್ ಇದ್ದರೆ ಅದರ ಕರೆಂಟು ಹಿಂದಿನಿಂದ ಬೀದಿಯ ಲೈನಿಗೆ ಹೋಗದಂತೆ ಚೇಂಜ್‌ಓವರ್ ಸ್ವಿಚ್ ಸರಿಯಾಗಿದೆಯೇ ಎಂದು ಇಂದೇ ನೋಡಿ. ಕಂಬದ ಮೇಲೆ ಇರುವವರ ಪ್ರಾಣ ಅದರಲ್ಲಿದೆ. ಲೈನ್ ಸರಿಯಾದ ಮೇಲೆ ಬರುವ ಮೊದಲ ಗಾಳಿಗೆ ಮನೆಯೊಳಗಿನ ಕಿಟಕಿಯಿಂದ ಆ ಎರಡು ಕಂಬಗಳ ನಡುವೆ ನೋಡಿ. ಮತ್ತೆ ಕಿಡಿ ಕಂಡರೆ ಹಳೆಯ ದೂರಿನ ಸಂಖ್ಯೆ ಹೇಳಿ ಅಂದೇ ಇನ್ನೊಮ್ಮೆ ದೂರು ದಾಖಲಿಸಿ.